ಬೀರುವಿನೊಳಗಿನ ಪಾಯಿಂಟು

ಶ್ರೀರಂಗಪಟ್ಟಣದ ನ್ಯಾಯಾಲಯದ ಆವರಣದಲ್ಲಾಗಲಿ, ಪಾಂಡವಪುರದ ಚಹದಂಗಡಿಯ ಬೆಂಚಿನ ಮೇಲಾಗಲಿ, ಕೃಷ್ಣರಾಜಪೇಟೆ ನಾಗಮಂಗಲಗಳ ಸಂತೆಯ ಗದ್ದಲದ ನಡುವೆಯಾಗಲಿ ಅರ್ಧ ಗಳಿಗೆ ಕಿವಿಗೊಟ್ಟು ನಿಂತವನಿಗೆ ಒಂದು ಮಾತು ಕೇಳಿಸದೆ ಇರದು: ವಕೀಲರ ಸಂಘದ ಗ್ರಂಥಾಲಯದ ಗಾಜಿನ ಬೀರುಗಳಲ್ಲಿ ಪ್ರತಿಯೊಂದು ವ್ಯಾಜ್ಯಕ್ಕೂ ಗೆಲವಿನ ‘ಪಾಯಿಂಟು’ ಒಂದು ಉಂಟು, ವಕೀಲರು ಅದನ್ನು ಬೀಗ ಹಾಕಿ ಕಾಯುತ್ತಿರುತ್ತಾರೆ, ಹೇಗಾದರೂ ಒಳಹೊಕ್ಕವನು ಅರ್ಧ ಗೆದ್ದಂತೆಯೇ ಸರಿ. ಈ ಮಾತನ್ನು ಎಷ್ಟು ಬಾರಿ ಕೇಳಿದ್ದೇನೆಂದರೆ ಈಗ ಕೋಪವೂ ಬಾರದು, ನಗೆಯೂ ಪೂರ್ತಿಯಾಗಿ ಬಾರದು.

ಕೆಲವು ಕಾಲದ ಹಿಂದೆ, ಕಾಗದಗಳ ಚೀಲವನ್ನು ಎದೆಗೆ ಅವುಚಿಕೊಂಡ ಹಿರಿಯರೊಬ್ಬರು ನನ್ನ ಜಗಲಿಗೆ ಬಂದು ಕುಳಿತರು. “ಬುದ್ದೀ, ಆ ಲೈಬ್ರರಿಗೆ ನನ್ನೂ ಒಂದು ಮೆಂಬ್ರು ಮಾಡಿಸ್ಬುಡಿ. ದುಡ್ಡು ಎಷ್ಟಾದ್ರೂ ಆಗ್ಲಿ. ನಮ್ ಪಾಯಿಂಟು ಅಲ್ಲೇ ಐತಂತೆ.” ತಂಗಿ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿದ್ದಳು. ಆಕೆಯ ಮದುವೆ ಎಷ್ಟೋ ವರ್ಷ ಹಿಂದೆಯೇ ಆಗಿಹೋದದ್ದರಿಂದ ಆಕೆಗೆ ಬಿಡಿಗಾಸೂ ಇಲ್ಲವೆಂದು ಬರೆದ ಪುಸ್ತಕವೊಂದು ಒಳಗಿದೆಯೆಂದು ಯಾವನೋ ದಲ್ಲಾಳಿ ಇವರ ಕಿವಿಯಲ್ಲಿ ಊದಿದ್ದನು.

ಸದಸ್ಯತ್ವದ ಮಾತು ಮೊದಲು. ಅದು ಅವರಿಗೆ ದೊರೆಯದು. ಏಕೆಂದರೆ ಆ ಗ್ರಂಥಾಲಯವು 1961ರ ವಕೀಲರ ಅಧಿನಿಯಮದ ಮೇರೆಗೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾಗಿ, ಆ ಊರಿನಲ್ಲಿ ವೃತ್ತಿ ನಡೆಸುತ್ತ, ಸಂಘಕ್ಕೆ ಪ್ರವೇಶಶುಲ್ಕವನ್ನೂ ವಂತಿಗೆಯನ್ನೂ ತೆತ್ತವರ ಸ್ವಂತ ಉಪಕರಣಶಾಲೆಯೇ ಹೊರತು ಸರ್ಕಾರದ ಛತ್ರವಲ್ಲ. ಕಮ್ಮಾರನ ಕುಲುಮೆಗೆ ಎಲ್ಲರಿಗೂ ಪ್ರವೇಶವಿಲ್ಲವೆಂದ ಮಾತ್ರಕ್ಕೆ ಕಬ್ಬಿಣವೆಲ್ಲ ಅವನದೇ ಆಗಿಬಿಡಲಿಲ್ಲವಷ್ಟೆ. ಅಲ್ಲಿಯ ಸೇವೆಯೂ ಸರಳವಾದುದು: ಪುಸ್ತಕದಲ್ಲಿ ಸಹಿ ಮಾಡಿ ಸಂಪುಟವನ್ನು ಪಡೆಯುವುದು, ವಾದ ಮುಗಿದೊಡನೆ ತಂದು ಹಿಂದಿರುಗಿಸುವುದು. ಸಂಪುಟವನ್ನು ತೆಗೆದುಕೊಡುವವನು ಅಭಿಪ್ರಾಯವನ್ನು ಕೊಡುವವನಲ್ಲ.

ಕೊಠಡಿ ಸದಸ್ಯರದು, ನಿಜ. ಆದರೆ ಕಾನೂನು ಯಾರದು? ರಾಜ್ಯಪತ್ರದಲ್ಲಿ ಅಚ್ಚಾಗಿ ಊರಿಗೆಲ್ಲ ಸಾರಲ್ಪಟ್ಟ ಅಧಿನಿಯಮವು ರಹಸ್ಯವಾಗುವುದು ಹೇಗೆಂಬುದನ್ನು ಈ ನಂಬಿಕೆಯವರು ಒಮ್ಮೆಯೂ ಯೋಚಿಸಿದಂತಿಲ್ಲ. ನ್ಯಾಯಾಲಯದ ತೀರ್ಪನ್ನು, ಆ ನ್ಯಾಯಾಲಯವೇ ನಿಷೇಧಿಸಿರದ ಹೊರತು, ಯಾರು ಬೇಕಾದರೂ ಪುನರ್ಮುದ್ರಿಸಬಹುದೆಂದು 1957ರ ಕೃತಿಸ್ವಾಮ್ಯ ಅಧಿನಿಯಮವೇ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು ತನ್ನ ವರದಿಯ ಸಂಪುಟಗಳನ್ನು 2023ರಿಂದ ಅಂತರ್ಜಾಲದಲ್ಲಿ ಬಿಟ್ಟಿಯಾಗಿಯೇ ತೆರೆದಿಟ್ಟಿದೆ. ರಾಜ್ಯದ ಅಧಿನಿಯಮಗಳಾದರೋ ಶಾಸನ ರಚನೆಯ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿಯೇ ದೊರೆಯುತ್ತವೆ. ಬೀಗ ಹಾಕಿದ ಗ್ರಂಥಭಂಡಾರವೆಂದರೆ ಏನೆಂಬುದನ್ನು ಪಟ್ಟಣದ ಕೋಟೆಯೊಳಗಣ ಟೀಪುವಿನ ಸಂಗ್ರಹವನ್ನು ನೆನೆದು ತಿಳಿಯಬೇಕು. ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದ, ಧರ್ಮನ್ಯಾಯದ ಗ್ರಂಥಗಳೂ ಸೇರಿದ್ದ ಆ ಭಂಡಾರವು 1799ರ ಪತನದ ತರುವಾಯ ಕಂಪನಿಯ ಕೈಸೇರಿ ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋಗಿ, 1809ರಲ್ಲಿ ಚಾರ್ಲ್ಸ್ ಸ್ಟೂವರ್ಟನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಪಟ್ಟಿಯ ಮೂಲಕ ಹೊರಜಗತ್ತಿಗೆ ಪರಿಚಿತವಾಯಿತು. ಅಂದು ಊರಿನವನಿಗೆ ಅದು ಎಟುಕದಿದ್ದುದು ಸಹಜ. ಇಂದು ಎಟುಕುವುದನ್ನೂ ಎಟುಕದೆಂದುಕೊಳ್ಳುವುದು ಸಹಜವಲ್ಲ.

ಇನ್ನು ಆ ‘ಪಾಯಿಂಟು’. ದಲ್ಲಾಳಿಯು ಪೂರ್ತಿ ಸುಳ್ಳು ಹೇಳಿರಲಿಲ್ಲವೆಂಬುದೇ ಇದರ ಸ್ವಾರಸ್ಯ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಂದು ಜಾರಿಗೆ ಬಂದಿತು. ಅದಕ್ಕೆ ಮುಂಚೆ ಮದುವೆಯಾದ ಮಗಳಿಗೆ ಅದು ಅನ್ವಯಿಸದೆಂಬ ಮಾತೂ ಅದರಲ್ಲಿ ಇದ್ದಿತು. ಅದನ್ನು ಬರೆದ ಪುಸ್ತಕವು ಯಾವುದಾದರೊಂದು ಬೀರುವಿನಲ್ಲಿ ಇಂದಿಗೂ ಇದ್ದೀತು. ಆದರೆ 2005ರ ಸೆಪ್ಟೆಂಬರ್ 9ರಂದು ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಆ ಭೇದವನ್ನು ಉಳಿಸಿಕೊಳ್ಳಲಿಲ್ಲ. ಅಂದು ತಂದೆ ಬದುಕಿರಬೇಕೆಂಬ ನಿಬಂಧನೆಯೂ ಇಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ನಡೆದುಹೋದ ವಿಭಾಗಗಳನ್ನು ಮಾತ್ರ ಹೊಸ ಕಾನೂನು ಕದಲಿಸದು. ನಮ್ಮ ಹಿರಿಯರ ಮನೆಯಲ್ಲಾದರೋ ಪಾಲುಪಟ್ಟಿಯೇ ಆಗಿರಲಿಲ್ಲ. ಎಂದರೆ, ಇವರು ಬೀಗ ಒಡೆದು ಒಳಹೊಕ್ಕು ತಮ್ಮ ಪಾಯಿಂಟನ್ನು ಹುಡುಕಿ ಹಿಡಿದಿದ್ದರೆ, ಹಿಡಿದದ್ದು ಸತ್ತ ಕಾನೂನಿನ ಬಾಲವಾಗಿರುತ್ತಿತ್ತು. ಪುಸ್ತಕ ದಪ್ಪವಾದಷ್ಟೂ ಹಳೆಯದಾದಷ್ಟೂ ಪ್ರಮಾಣ ಹೆಚ್ಚೆಂದು ತಿಳಿಯುವುದು ಪಂಚಾಂಗಕ್ಕೂ ಹೊಂದದ ಮಾತು. ಹೋದ ವರ್ಷದ ಪಂಚಾಂಗದಲ್ಲಿ ಈ ವರ್ಷದ ಮುಹೂರ್ತವನ್ನು ಹುಡುಕುವವರುಂಟೆ?

ಹಳೆಯದೆಲ್ಲ ರದ್ದಿಗೆ ಯೋಗ್ಯವೆಂದೂ ಇದರಿಂದ ತಿಳಿಯಬಾರದು. 1860ರ ದಂಡಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ಜನರ ಬಾಯಲ್ಲಿ ಬೈಗುಳವೇ ಆಗಿಹೋದ ‘ಫೋರ್ ಟ್ವೆಂಟಿ’ಯು 318ನೆಯ ಪ್ರಕರಣವಾಯಿತಾದರೂ, ಅದಕ್ಕೆ ಹಿಂದೆ ನಡೆದ ಅಪರಾಧಗಳನ್ನು ಅಳೆಯುವುದು ಹಳೆಯ ಸಂಹಿತೆಯಿಂದಲೇ.

ಮಿಕ್ಕ ನಂಬಿಕೆಗಳಿಗೆ ಒಂದೊಂದು ವಾಕ್ಯ ಸಾಕು. ಪಹಣಿಯೂ ಕ್ರಯಪತ್ರದ ನಕಲೂ ಈ ಗ್ರಂಥಾಲಯದಲ್ಲಿ ಇರುವುದಿಲ್ಲ. ಮೊದಲನೆಯದು ಕಂದಾಯ ಇಲಾಖೆಯದು, ಎರಡನೆಯದು ಉಪನೋಂದಣಿ ಕಚೇರಿಯದು. ನೋಟರಿಯ ಮುದ್ರೆ ಬಿದ್ದ ಮಾತ್ರಕ್ಕೆ ಜಮೀನು ಕೈ ಬದಲಾಯಿಸದು. ಹನ್ನೆರಡು ವರ್ಷ ಉತ್ತ ಮಾತ್ರಕ್ಕೆ, ಒಡೆಯನ ಅನುಮತಿಯಿಂದ ಉಳುತ್ತಿದ್ದವನು ಒಡೆಯನಾಗನು. ಸಲಹೆಗೆ ದುಡ್ಡು ಕೊಡಲೇಬೇಕೆಂಬುದೂ ನಿಜವಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯು ಅದಕ್ಕಾಗಿಯೇ ಇದೆ, 1987ರ ಅಧಿನಿಯಮದ ಮೇರೆಗೆ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯವನ್ನು ಕೇಳದೆಯೇ ಅಲ್ಲಿ ನೆರವುಂಟು. ಆ ತಂಗಿಗೂ ಉಂಟು.

ನನ್ನನ್ನು ನೋಯಿಸುವುದು ಅಜ್ಞಾನವಲ್ಲ. ಅಜ್ಞಾನಕ್ಕೆ ಮದ್ದುಂಟು. ಬಯಲಿನಲ್ಲಿ ಬಿದ್ದಿರುವ ಸತ್ಯಕ್ಕೆ ಬೆಲೆಯಿಲ್ಲವೆಂದೂ, ಬೆಲೆ ತೆತ್ತು ಪಿಸುಮಾತಿನಲ್ಲಿ ಪಡೆದುದೇ ಸತ್ಯವೆಂದೂ ಬಗೆಯುವ ಆ ಮನೋಧರ್ಮಕ್ಕೆ ಮದ್ದಿಲ್ಲ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತಪ್ಪದೆ ತೆರುವ ಗೃಹಸ್ಥನು ಊರಿನ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲನ್ನು ಹತ್ತುವುದಿಲ್ಲ. ವಕೀಲರ ಬೀರುವಿನ ಕೀಲಿಕೈಗಾಗಿ ಮಾತ್ರ ದಲ್ಲಾಳಿಯ ಹಿಂದೆ ಅಲೆಯುತ್ತಾನೆ.

ಇದನ್ನೆಲ್ಲ ನಾನು ಆ ಹಿರಿಯರಿಗೆ ತಾಳ್ಮೆಯಿಂದಲೇ ವಿವರಿಸಿದೆನು. ಅವರೂ ತಾಳ್ಮೆಯಿಂದಲೇ ಕೇಳಿದರು; ಎಲೆಯಡಿಕೆಯನ್ನು ಮೆಲ್ಲಗೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಕಣ್ಣು ಕಿರಿದುಮಾಡಿ, “ಇಷ್ಟೆಲ್ಲಾ ಹೊರಗೇ ಐತೆ ಅಂತೀರಲ್ಲ ಬುದ್ದೀ,” ಎಂದರು, “ಹಂಗಾರೆ ಒಳಗಡೆ ಮಡಗಿರೋದು ಇನ್ನೂ ದೊಡ್ಡದೇ ಇರ್ಬೇಕು.”