ಅನ್ನವನ್ನು ತೂಗಿ ಬಡಿಸುವ ಚಿಕಿತ್ಸೆ

ಆಡುಮಾತಿನಲ್ಲಿ ಫಿಟ್ಸ್ ಎನಿಸಿಕೊಳ್ಳುವ ಅಪಸ್ಮಾರವು ಹೆಚ್ಚಿನ ಮಕ್ಕಳಲ್ಲಿ ಮಾತ್ರೆಗಳಿಂದಲೇ ಹತೋಟಿಗೆ ಬರುತ್ತದೆಯಾದರೂ, ಸುಮಾರು ಮೂರನೆಯ ಒಂದು ಪಾಲು ರೋಗಿಗಳಲ್ಲಿ ಹಾಗಾಗುವುದಿಲ್ಲ. ಸರಿಯಾಗಿ ಆಯ್ದು ತಕ್ಕ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಗಳೂ ಸೆಳೆತವನ್ನು ನಿಲ್ಲಿಸದಿದ್ದಾಗ ವೈದ್ಯರು ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರವೆಂದು ಪರಿಗಣಿಸುತ್ತಾರೆ. ಇಂಥ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆ ಒಗ್ಗದವರಿಗೆ ಆಹಾರವನ್ನೇ ಮದ್ದಾಗಿಸುವ ಕ್ರಮವೊಂದಿದೆ.

ಉಪವಾಸವಿದ್ದಾಗ ಸೆಳೆತ ತಗ್ಗುತ್ತದೆಂಬುದು ಹಳೆಯ ತಿಳಿವಳಿಕೆ. ಉಪವಾಸವಿಲ್ಲದೆಯೂ ದೇಹವನ್ನು ಅದೇ ಸ್ಥಿತಿಗೆ ತರಬಹುದೆಂದು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಸೂಚಿಸಿ, ಆ ಪಥ್ಯಕ್ಕೆ ಕೀಟೋಜೆನಿಕ್ ಆಹಾರವೆಂದು ಹೆಸರಿಟ್ಟರು. ಪಿಷ್ಟ ಮತ್ತು ಸಕ್ಕರೆಯನ್ನು ಬಹುವಾಗಿ ಇಳಿಸಿ ಕೊಬ್ಬನ್ನು ಏರಿಸಿದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ಸಣ್ಣ ಅಣುಗಳನ್ನು ತಯಾರಿಸುತ್ತದೆ, ಮಿದುಳು ಗ್ಲೂಕೋಸಿನ ಬದಲು ಬಹುಮಟ್ಟಿಗೆ ಅವನ್ನೇ ಇಂಧನವಾಗಿ ಬಳಸತೊಡಗುತ್ತದೆ, ಅದರೊಡನೆ ನರಕೋಶಗಳ ಅತಿಯಾದ ಉದ್ರೇಕವೂ ಇಳಿಯುತ್ತದೆ. 1938ರಲ್ಲಿ ಸೆಳೆತ ತಡೆಯುವ ಔಷಧವಾದ ಫೆನಿಟಾಯಿನ್‌ನ ಗುಣ ತಿಳಿದ ಮೇಲೆ, ನುಂಗಿದರೆ ಮುಗಿಯುವ ಮಾತ್ರೆಯ ಮುಂದೆ ಈ ತ್ರಾಸದ ಪಥ್ಯ ಮೂಲೆಗೆ ಸರಿದು, 1990ರ ದಶಕದಲ್ಲಷ್ಟೇ ಮರಳಿತು.

ಮೂಲ ಕ್ರಮದಲ್ಲಿ ನಾಲ್ಕು ಗ್ರಾಂ ಕೊಬ್ಬಿಗೆ ಪಿಷ್ಟ, ಪ್ರೋಟೀನ್ ಎರಡೂ ಸೇರಿ ಒಂದೇ ಗ್ರಾಂ. ಅಂದರೆ ಶಕ್ತಿಯ ಶೇ 90 ಭಾಗ ಕೊಬ್ಬಿನಿಂದಲೇ ಬರಬೇಕು. ಇದಕ್ಕಿಂತ ಸಡಿಲವಾದ ಮಾರ್ಪಡಿಸಿದ ಆಟ್ಕಿನ್ಸ್ ಪಥ್ಯವನ್ನು ದೆಹಲಿಯ ಏಮ್ಸ್ ವೈದ್ಯರು 102 ಮಕ್ಕಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳಿಗೆ ಪಥ್ಯದಲ್ಲಿದ್ದವರ ಪೈಕಿ ಶೇ 52 ಮಕ್ಕಳಲ್ಲಿ ಸೆಳೆತಗಳು ಅರ್ಧಕ್ಕಿಂತ ಹೆಚ್ಚು ಇಳಿದಿದ್ದವು. ಪಥ್ಯವಿಲ್ಲದವರಲ್ಲಿ ಈ ಪ್ರಮಾಣ ಶೇ 11.5 ಮಾತ್ರ. ಅಲ್ಲಿ ಮಗುವಿಗೆ ದಿನವಿಡೀ ಅನುಮತಿಸಿದ್ದ ಪಿಷ್ಟ 10 ಗ್ರಾಂ.

ಈ ಅಂಕಿಯನ್ನು ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡುಗೆಮನೆಗೆ ತಂದರೆ ಅದರ ಕಾಠಿಣ್ಯ ತಿಳಿಯುತ್ತದೆ. ನೂರು ಗ್ರಾಂ ಅನ್ನದಲ್ಲೇ ಸುಮಾರು 28 ಗ್ರಾಂ ಪಿಷ್ಟವಿರುವಾಗ ಕಡುಬು, ಅಕ್ಕಿರೊಟ್ಟಿ, ಗಂಜಿ, ಜೋನಿಬೆಲ್ಲ, ಹಲಸಿನ ಹಣ್ಣುಗಳೆಲ್ಲ ಮಗುವಿನ ಪಾಲಿಗೆ ಮುಚ್ಚಿದಂತೆಯೇ. ಮಲೆನಾಡಿಗರಿಗೆ ತುಪ್ಪ, ತೆಂಗಿನಕಾಯಿ ಹೊಸತಲ್ಲ, ಕಳಲೆ ಮತ್ತು ಸೊಪ್ಪುಗಳೂ ನೆರವಿಗೆ ಬರುತ್ತವೆ. ಕಷ್ಟವಿರುವುದು ಕೊಬ್ಬನ್ನು ತಿನ್ನಿಸುವುದರಲ್ಲಿ ಅಲ್ಲ, ಅನ್ನವನ್ನು ತಡೆಯುವುದರಲ್ಲಿ. ಒಂದೆಲಗದ ತಂಬುಳಿಯಲ್ಲಿನ ಮಜ್ಜಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುವುದರಿಂದ, ಅಜ್ಜಿ ಪ್ರೀತಿಯಿಂದ ಕೊಟ್ಟ ಒಂದು ಚಮಚ ಜೇನುತುಪ್ಪವಾಗಲಿ, ಲೇಹ್ಯವಾಗಲಿ, ಕೆಮ್ಮಿನ ಸಿಹಿ ಸಿರಪ್ ಆಗಲಿ ದಿನದ ಲೆಕ್ಕವನ್ನು ಕೆಡಿಸಬಲ್ಲದು. ಆದಕಾರಣ ಪಥ್ಯದ ಕಟ್ಟುಪಾಡು ಮನೆಮಂದಿಗೆಲ್ಲ ಗೊತ್ತಿರಬೇಕು.

ತೂಕ ಇಳಿಸಲೆಂದು ಇಂದು ಪ್ರಚಾರದಲ್ಲಿರುವ ಕೀಟೋ ಊಟಕ್ಕೂ ಇದಕ್ಕೂ ಹೋಲಿಕೆ ಸಲ್ಲದು. ಕೊಬ್ಬನ್ನು ಅರಗಿಸಲಾರದ ಕೆಲವು ಜನ್ಮಜಾತ ದೋಷಗಳಿರುವ ಮಗುವಿಗೆ ಇದು ಪ್ರಾಣಾಪಾಯಕಾರಿಯಾಗಬಹುದು; ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಬೆಳವಣಿಗೆಯ ಕುಂಠಿತವೂ ಉಂಟಾಗಬಹುದಾದ್ದರಿಂದ ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ತಜ್ಞರ ಪರೀಕ್ಷೆಯಾಗದೆ ಇದನ್ನು ಆರಂಭಿಸಬಾರದು, ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೂಬಾರದು. ಸುಮಾರು ಮೂರು ತಿಂಗಳಲ್ಲಿ ಫಲ ಕಾಣದಿದ್ದರೆ ಪಥ್ಯವನ್ನು ಕೈಬಿಡಲಾಗುತ್ತದೆ. ಕಂಡರೆ ಸಾಮಾನ್ಯವಾಗಿ ಎರಡು ವರ್ಷ ನಡೆಸಿ ಮೆಲ್ಲನೆ ಸಡಿಲಿಸಲಾಗುತ್ತದೆ. ಈ ಅವಧಿಯಲ್ಲಿ ಮಳೆಗಾಲದ ಜ್ವರಕ್ಕೆ ಊರಿನ ಆಸ್ಪತ್ರೆ ಸೇರಿದ ಮಗುವಿಗೆ ವಾಡಿಕೆಯಂತೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಕೀಟೋನ್ ಮಟ್ಟ ಕುಸಿದು ಸೆಳೆತ ಮರುಕಳಿಸಬಹುದಾದ್ದರಿಂದ, ಪಥ್ಯದ ವಿವರವಿರುವ ಚೀಟಿಯನ್ನು ಪೋಷಕರು ಸದಾ ಜೊತೆಗಿಟ್ಟುಕೊಂಡು, ರಕ್ತದ ಸಕ್ಕರೆ ತೀರ ಇಳಿದಿರದ ಹೊರತು ಗ್ಲೂಕೋಸ್ ಇಲ್ಲದ ದ್ರಾವಣವನ್ನೇ ಕೊಡುವಂತೆ ಕೇಳಿಕೊಳ್ಳಬೇಕಾಗುತ್ತದೆ.