ಹುಟ್ಟೋ ಚುಕ್ಕಾಣಿಯೋ: ಕಿರುದೋಣಿಯ ದಿಕ್ಕು ನಡೆಸುವ ಸಾಧನಗಳ ವಿಚಾರ

ಮಧ್ಯಯುಗದ ನೌಕಾಯಾನವನ್ನು ತರಗತಿಯಲ್ಲಿ ಬೋಧಿಸುತ್ತಿದ್ದಾಗ, ಹುಟ್ಟಿನಿಂದ ದಿಕ್ಕು ನಡೆಸುವ ಹಳೆಯ ಕ್ರಮವನ್ನು ಚುಕ್ಕಾಣಿಯು ಮೂಲೆಗೆ ತಳ್ಳಿತೆಂದು ನಾವು ಹೇಳಿದೆವು. ಕಾರವಾರದ ಕಡೆಯ ಮೀನುಗಾರ ಮನೆತನದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, ತನ್ನ ತಂದೆಯವರು ದೋಣಿಗೆ ಎಂಜಿನ್ ಇದ್ದರೂ ಅಳಿವೆಯನ್ನು ದಾಟುವಾಗ ಹಿಂಬದಿಯಲ್ಲಿ ಉದ್ದನೆಯ ಹುಟ್ಟೊಂದನ್ನು ಸಿದ್ಧವಾಗಿಟ್ಟುಕೊಳ್ಳುವರೆಂದೂ, ಈಗ ಹೊಸ ದೋಣಿಗೆ ಯಾವ ಸಾಧನವನ್ನು ಜೋಡಿಸಬೇಕೆಂಬ ಚರ್ಚೆ ಮನೆಯಲ್ಲಿ ನಡೆದಿದೆಯೆಂದೂ ತಿಳಿಸಿದನು. ಮಚ್ಛೆಯಲ್ಲಿ ವಾಸಿಸುವ ನಾವು ಘಟ್ಟದ ಮೇಲಿನವರು. ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯು ಗೋವೆಯ ಕಡಲನ್ನು ಸೇರುವುದಾದರೂ ನಮಗೆ ಪರಿಚಯವಾದುದು ಹರಿಗೋಲು ಮಾತ್ರ. ಆದುದರಿಂದ ಈ ಪ್ರಶ್ನೆಯನ್ನು ಮೊದಲಿನಿಂದ ವಿಚಾರಿಸಬೇಕಾಯಿತು.

ಅಜಂತೆಯ 2ನೆಯ ಗುಹೆಯಲ್ಲಿ ಚಿತ್ರಿತವಾದ, ಕ್ರಿ. ಶ. 5–6ನೆಯ ಶತಮಾನದ ಮೂರು ಪಟಗಂಬಗಳ ಹಡಗು, ಹಿಂಬದಿಯ ಪಕ್ಕಕ್ಕೆ ಹೂಡಿದ ದೊಡ್ಡ ಹುಟ್ಟಿನಿಂದ ನಡೆಯುವಂಥದು. 1237ರಲ್ಲಿ ಅಲ್-ವಾಸಿತಿಯು ಅರಬ್ಬೀ ಗ್ರಂಥವೊಂದಕ್ಕೆ ಬರೆದ ಚಿತ್ರದಲ್ಲಾದರೋ ಹಡಗಿನ ಹಿಂದಣ ಕಂಬಕ್ಕೇ ಚುಕ್ಕಾಣಿಯನ್ನು ತೂಗಹಾಕಿರುವುದು ಸ್ಪಷ್ಟವಾಗಿದೆ. ನಮ್ಮ ಶಬ್ದಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ. ‘ಕರ್ಣಧಾರ’ವು ಸಂಸ್ಕೃತದ್ದು. ‘ಚುಕ್ಕಾಣಿ’ಯಾದರೋ ಅರಬ್ಬಿಯ ‘ಸುಕ್ಕಾನ್’ ಶಬ್ದದಿಂದ ಬಂದುದು. ಬೆಳಗಾವಿಯ ಮರಾಠಿ ಮನೆಗಳಲ್ಲಿ ಅದೇ ‘ಸುಕಾಣೂ’ ಆಗಿದೆ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಮಂಗಳೂರಿನಲ್ಲಿ ನೆಲಸಿ ಏಡನ್ನಿನೊಡನೆ ವ್ಯವಹರಿಸುತ್ತಿದ್ದ ಕಾಲವನ್ನು ನೆನೆದರೆ, ಈ ಶಬ್ದವು ಕಡಲ ದಾರಿಯಿಂದ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹೊಸದು ಬಂದಿತೆಂದ ಮಾತ್ರಕ್ಕೆ ಹಳೆಯದು ನಿರುಪಯುಕ್ತವಾಯಿತೆನ್ನುವಂತಿಲ್ಲ. ಚುಕ್ಕಾಣಿಯು ತನ್ನಷ್ಟಕ್ಕೆ ಏನನ್ನೂ ಮಾಡಲಾರದು. ಅದರ ಹಲಗೆಯ ಮೇಲೆ ನೀರು ಹರಿದಾಗ ಮಾತ್ರ ದೋಣಿ ತಿರುಗುತ್ತದೆ. ತೆರೆದ ಕಡಲಿನಲ್ಲಿ ಪಟವನ್ನೇರಿಸಿ ವೇಗವಾಗಿ ಸಾಗುವ ಹಡಗಿಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅಳಿವೆಯ ಸ್ಥಿತಿ ಬೇರೆ. ಮರಳದಿಣ್ಣೆಯ ಮೇಲೆ ಅಲೆಗಳು ಕಡಿದಾಗಿ ಮುರಿಯುತ್ತವೆ. ಒಳಬರುವ ದೋಣಿಯನ್ನು ಹಿಂದಿನಿಂದ ಅಲೆಯೊಂದು ಎತ್ತಿದಾಗ, ತಲೆಯ ಬಳಿಯ ನೀರೂ ದೋಣಿ ಹೋಗುವ ದಿಕ್ಕಿಗೇ ಧಾವಿಸುತ್ತಿರುವುದರಿಂದ ಚುಕ್ಕಾಣಿಯ ಮೇಲಿನ ಹರಿವು ಕುಗ್ಗುತ್ತದೆ. ಹಿಡಿಯನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ. ಮುಂಬದಿ ತಗ್ಗಿನಲ್ಲಿ ನಾಟುತ್ತದೆ, ಹಿಂಬದಿ ಸುತ್ತಿಕೊಳ್ಳುತ್ತದೆ, ದೋಣಿಯು ಅಲೆಗೆ ಅಡ್ಡವಾಗಿ ಮಗುಚುತ್ತದೆ. ಉದ್ದನೆಯ ಹುಟ್ಟಾದರೋ ಹರಿವಿಗಾಗಿ ಕಾಯುವುದಿಲ್ಲ. ಬಲಗೈಯುಳ್ಳವನು ಅದರಿಂದ ನೀರನ್ನು ನೂಕಿ ದೋಣಿಯ ಹಿಂಬದಿಯನ್ನೇ ಬೇಕಾದ ಪಕ್ಕಕ್ಕೆ ಎಳೆದು ತರಬಲ್ಲನು. ಹಿಂದೆ ಮದರಾಸಿನ ಅಲೆಗಳ ನಡುವೆ ಹಡಗಿನ ಸರಕನ್ನು ದಡಕ್ಕೆ ತರುತ್ತಿದ್ದ ಮಸೂಲಾ ದೋಣಿಗಳನ್ನು ಹುಟ್ಟಿನಿಂದಲೇ ನಡೆಸುತ್ತಿದ್ದುದು ಅಜ್ಞಾನದಿಂದಲ್ಲ.

ಈಗಿನ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಚುಕ್ಕಾಣಿಯೇ ಬೇಕಿಲ್ಲ. ಹಿಡಿಯನ್ನು ತಿರುಗಿಸಿದರೆ ಎಂಜಿನ್ನೇ ತಿರುಗಿ, ಅದು ನೂಕುವ ನೀರು ಪಕ್ಕಕ್ಕೆ ಹೊರಳುತ್ತದೆ. ಈ ಅರ್ಥದಲ್ಲಿ ಅದು ಹುಟ್ಟಿನ ವಂಶಕ್ಕೆ ಸೇರಿದ್ದು; ಮೆಲ್ಲಗೆ ಚಲಿಸುವಾಗಲೂ ಚೆನ್ನಾಗಿ ತಿರುಗಿಸುತ್ತದೆ. ಆದರೆ ಎಂಜಿನ್ ನಿಂತ ಕ್ಷಣದಲ್ಲಿ ನೂಕುವ ಬಲವೂ ತಿರುಗಿಸುವ ಬಲವೂ ಒಟ್ಟಿಗೇ ಹೋಗುತ್ತವೆ. ದೋಣಿಯೊಳಗೆ ಡೀಸೆಲ್ ಎಂಜಿನ್ ಇಟ್ಟರೆ ಪಂಖದ ಹಿಂದೆ ಚುಕ್ಕಾಣಿ ಅನಿವಾರ್ಯ. ದಡಕ್ಕೆ ಎಳೆದಿಡುವ ದೋಣಿಯಲ್ಲಿ ಅದು ಮರಳಿಗೆ ತಾಗಿ ಮುರಿಯುವ ಭಯವುಂಟು. ಮೋಟಾರುಗಾಡಿಯಂಥ ಚಕ್ರವು ನೋಡಲು ಗಂಭೀರ. ಉಪ್ಪುನೀರಿನಲ್ಲಿ ಅದರ ತಂತಿಯು ಒಳಗೊಳಗೇ ತುಕ್ಕು ಹಿಡಿಯುವುದು ಹೊರಗೆ ಕಾಣಿಸದು. ಬಲೆಗೆ ಬೇಕಾದ ಜಾಗವನ್ನೂ ಅದು ಕಬಳಿಸುತ್ತದೆ. ಇಬ್ಬರು ಮೂವರು ಹೋಗುವ ದೋಣಿಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.

ಹೀಗೆ ಯಾವ ಸಾಧನ ಶ್ರೇಷ್ಠವೆಂಬುದನ್ನು ಶತಮಾನವು ನಿರ್ಣಯಿಸುವುದಿಲ್ಲ, ದೋಣಿ ತಂಗುವ ದಡವು ನಿರ್ಣಯಿಸುತ್ತದೆ. ಒಂದರ ಮೇಲೊಂದು ಮೆಟ್ಟಿಲಿನಂತೆ ಪಾಠ ಹೇಳಿದುದು ನಮ್ಮ ತಪ್ಪು. ಮುಂದಿನ ತರಗತಿಯಲ್ಲಿ ಅದನ್ನು ಒಪ್ಪಿಕೊಂಡೆವು. ವಿದ್ಯಾರ್ಥಿಯ ಮನೆಯವರು ಕೊನೆಗೆ ಹಿಡಿಯುಳ್ಳ ಔಟ್‌ಬೋರ್ಡ್ ಎಂಜಿನ್ನನ್ನೇ ಆರಿಸಿಕೊಂಡರು. ದೋಣಿಯ ಹಿಂದಣ ಹಲಗೆಯಲ್ಲಿ, ಎಂಜಿನ್ನಿಗೆ ತಾಗದಂತೆ ಒಂದು ಪಕ್ಕಕ್ಕೆ ಕಚ್ಚು ಕೊರೆಯಿಸಿ, ತಂದೆಯ ಹಳೆಯ ಹುಟ್ಟನ್ನು ಅಲ್ಲಿ ಹಗ್ಗದಿಂದ ಕಟ್ಟಿಟ್ಟಿದ್ದಾರೆ.