ಸ್ಟೇನ್‌ಲೆಸ್ ಸ್ಟೀಲ್ ಅರೆಸ್ವಯಂಚಾಲಿತ ಪಿಸ್ತೂಲು ಮತ್ತು 0.32 ಕಾಡತೂಸು: ಪರವಾನಗಿ ಅರ್ಜಿದಾರರಿಗೆ ಮಾಹಿತಿ

ಆತ್ಮರಕ್ಷಣೆಗಾಗಿ ಪಿಸ್ತೂಲಿನ ಪರವಾನಗಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು, ಆ ಆಯುಧದ ರಚನೆ ಹಾಗೂ ಅದರಲ್ಲಿ ಬಳಸುವ ಕಾಡತೂಸಿನ ಸ್ವರೂಪವನ್ನು ಮೊದಲೇ ಅರಿತಿರುವುದು ಅವಶ್ಯಕ. ಹಾವೇರಿ ತಾಲ್ಲೂಕಿನ ಗಳಗನಾಥ ಹಾಗೂ ಸುತ್ತಲಿನ ನದಿತೀರದ ಗ್ರಾಮಗಳ ಅರ್ಜಿದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾರ್ಯವಿಧಾನ

ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಟ್ರಿಗರನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಆ ಸ್ಫೋಟದ ಬಲದಿಂದಲೇ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ಕೋಶವನ್ನು ಹೊರಚೆಲ್ಲುತ್ತದೆ. ಮುಂದಕ್ಕೆ ಮರಳುವಾಗ ಹಿಡಿಕೆಯೊಳಗಿನ ಮ್ಯಾಗಜಿನ್‌ನಿಂದ ಮತ್ತೊಂದು ಕಾಡತೂಸನ್ನು ಚೇಂಬರಿಗೆ ಸೇರಿಸುತ್ತದೆ. ಅಂದರೆ ಒಂದು ಗುಂಡು ಹಾರಿದ ಕೂಡಲೇ ಪಿಸ್ತೂಲು ಮತ್ತೊಂದಕ್ಕೆ ಸಿದ್ಧವಾಗಿರುತ್ತದೆ.

ಈ ಅನುಕೂಲವೇ ಅಪಾಯಕ್ಕೂ ಕಾರಣವಾಗಬಲ್ಲದು. ಮ್ಯಾಗಜಿನ್ ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಚೇಂಬರಿನಲ್ಲಿ ಒಂದು ಕಾಡತೂಸು ಉಳಿದಿರಬಹುದು. ಆದ್ದರಿಂದ ಟ್ರಿಗರಿನಿಂದ ಬೆರಳನ್ನು ದೂರವಿರಿಸಿ, ನಳಿಕೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಮೊದಲು ಮ್ಯಾಗಜಿನ್ ತೆಗೆದು, ನಂತರ ಸ್ಲೈಡನ್ನು ಹಿಂದಕ್ಕೆ ಎಳೆದು ಚೇಂಬರನ್ನು ಕಣ್ಣಾರೆ ಪರೀಕ್ಷಿಸತಕ್ಕದ್ದು. ಈ ಕ್ರಮವನ್ನು ಅದಲುಬದಲು ಮಾಡಬಾರದು.

ಲೋಹದ ಗುಣ

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರವನ್ನು ಉಂಟುಮಾಡುವುದರಿಂದ ತುಕ್ಕು ಹಿಡಿಯುವುದು ಕಡಿಮೆ. ಆದರೆ ಬೆವರು ಮತ್ತು ತೇವ ದೀರ್ಘಕಾಲ ತಗುಲಿದಲ್ಲಿ ಈ ಉಕ್ಕಿಗೂ ಕಲೆ, ತುಕ್ಕು ಬರಬಹುದು. ತುಂಗಭದ್ರಾ ಮತ್ತು ವರದಾ ನದಿಗಳು ಕೂಡುವ ಗಳಗನಾಥದಂತಹ ಸ್ಥಳಗಳಲ್ಲಿ ಮಳೆಗಾಲದಲ್ಲಿ ಆಯುಧವನ್ನು ಒರೆಸಿ ಒಣಗಿಸಿಡುವುದು ಸೂಕ್ತ. ಕಾಡತೂಸುಗಳಿಗೆ ಎಣ್ಣೆ ಸೋಕಬಾರದು.

ಕಾಡತೂಸು

ನಾಗರಿಕರ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 0.32 ಅಥವಾ 7.65 ಮಿ.ಮೀ. ಕಾಡತೂಸು. ಇದನ್ನು ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದರು. ಇದರ ಕೋಶದ ಉದ್ದ ಸುಮಾರು 17 ಮಿ.ಮೀ.; ಗುಂಡಿನ ತೂಕ ಸಾಮಾನ್ಯವಾಗಿ 4.6 ಗ್ರಾಂ. ರಿವಾಲ್ವರಿನ 0.32 ಕಾಡತೂಸು ಇದಕ್ಕಿಂತ ಭಿನ್ನವಾದುದು. ಸಂಖ್ಯೆ ಒಂದೇ ಇದ್ದರೂ ಒಂದರ ಬದಲು ಇನ್ನೊಂದನ್ನು ಬಳಸತಕ್ಕದ್ದಲ್ಲ. ಸೇನೆಯ 9 ಮಿ.ಮೀ. ಕಾಡತೂಸನ್ನು ಹಾರಿಸಬಲ್ಲ ಪಿಸ್ತೂಲುಗಳು ನಿಷೇಧಿತ ವರ್ಗಕ್ಕೆ ಸೇರಿರುತ್ತವೆ.

ಪರವಾನಗಿ

ಆಯುಧ ಅಧಿನಿಯಮ, 1959 ಹಾಗೂ ಆಯುಧ ನಿಯಮಗಳು, 2016ರ ಅನ್ವಯ ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳು ಪರವಾನಗಿ ಪ್ರಾಧಿಕಾರಿಯಾಗಿರುತ್ತಾರೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ನಮೂನೆ ಎ-1ರ ಅರ್ಜಿಯೊಂದಿಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ಆಯುಧವನ್ನು ಸುರಕ್ಷಿತವಾಗಿ ಇರಿಸುವ ಬಗ್ಗೆ ಮುಚ್ಚಳಿಕೆ ಸಲ್ಲಿಸಬೇಕು. ಪೊಲೀಸ್ ವರದಿ ಪಡೆದು ಅರ್ಜಿಯನ್ನು ಪರಿಶೀಲಿಸಲಾಗುತ್ತದೆ. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ; ಸಾಮಾನ್ಯವಾಗಿ ಒಬ್ಬ ವ್ಯಕ್ತಿ 2ಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ.

ಬೆಳೆ ರಕ್ಷಣೆ ಬಯಸುವ ರೈತರಿಗೆ ಪಿಸ್ತೂಲು ಸೂಕ್ತ ಸಾಧನವಲ್ಲ. ಬಾಯಿಮದ್ದು ತುಂಬುವ ಬಂದೂಕನ್ನು ನೈಜ ಬೆಳೆ ರಕ್ಷಣೆಗಾಗಿ ಕೋರಲು ಅಧಿನಿಯಮದಲ್ಲಿ ಪ್ರತ್ಯೇಕ ಅವಕಾಶವಿದೆ. ಆದರೆ ಅಂತಹ ಪರವಾನಗಿಯು ವನ್ಯಜೀವಿಗಳನ್ನು ಬೇಟೆಯಾಡಲು ಅನುಮತಿಯಾಗುವುದಿಲ್ಲ.

ಎಚ್ಚರಿಕೆ

ಮದುವೆ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯವೊಡ್ಡಿದಲ್ಲಿ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಮೇಲಕ್ಕೆ ಹಾರಿದ ಗುಂಡು ಕೆಳಕ್ಕೆ ಬಿದ್ದೇ ಬೀಳುತ್ತದೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಆಯುಧ ಮತ್ತು ಕಾಡತೂಸುಗಳನ್ನು ಬೇರೆ ಬೇರೆಯಾಗಿ, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇರಿಸುವುದು ಪರವಾನಗಿದಾರರ ಹೊಣೆಯಾಗಿರುತ್ತದೆ.